ಈ ಜೀವಿ ಯಾರದು? ಸೆರೆಯ ಸರೀಸೃಪಗಳ ಕರುಳಿನ ಆದಿಜೀವಿಗಳನ್ನು ಗುರುತಿಸಿದ ಚರಿತ್ರೆ: ಕೃಷ್ಣೆಯ ದಂಡೆಯಿಂದ ಒಂದು ನೋಟ

ಸೆರೆಯಲ್ಲಿರುವ ಹಾವು, ಆಮೆ, ಮೊಸಳೆ, ಉಡಗಳ ಕರುಳಿನಲ್ಲಿ ನೆಲೆಸುವ ಏಕಕೋಶ ಪರಾವಲಂಬಿಗಳನ್ನು ಗುರುತಿಸುವ ವಿದ್ಯೆಗೆ ಒಂದು ಶತಮಾನಕ್ಕೂ ಮಿಕ್ಕ ಚರಿತ್ರೆಯಿದೆ. ಅದನ್ನು ಬರೆದವರು ಬಹುಮಟ್ಟಿಗೆ ಪಶುವೈದ್ಯರು ಮತ್ತು ಪ್ರಾಣಿಶಾಸ್ತ್ರಜ್ಞರು. ಆದ್ದರಿಂದ ಅದು ಮಸೂರ, ಬಣ್ಣ, ದ್ರಾವಣಗಳ ಚರಿತ್ರೆಯಾಗಿ ನಮಗೆ ದೊರೆತಿದೆ. ಹಿಂದಿನ ಹೈದರಾಬಾದು ರಾಜ್ಯದ ಕನ್ನಡ ಸೀಮೆಯ ಅಂಚಿನಲ್ಲಿ, ಅಂದರೆ ಇಂದಿನ ತೆಲಂಗಾಣದ ನಾರಾಯಣಪೇಟೆ, ಮಕ್ತಲ್, ಗದ್ವಾಲಗಳಲ್ಲಿ ನಿಂತು ನೋಡಿದಾಗ ಅದರ ಇನ್ನೊಂದು ಎಳೆ ಕಾಣುತ್ತದೆ. ಪರೀಕ್ಷಕನು ಮೊದಮೊದಲು ಕೇಳುತ್ತಿದ್ದ ಪ್ರಶ್ನೆ ‘ಇಲ್ಲಿ ಜೀವಿ ಇದೆಯೇ’ ಎಂಬುದು. ಆಮೇಲೆ ಬಂದ, ಇಂದಿಗೂ ಪೂರ್ತಿ ಬಗೆಹರಿಯದ ಪ್ರಶ್ನೆ ‘ಈ ಜೀವಿ ಯಾರದು’ ಎಂಬುದು. ಎರಡನೆಯದಕ್ಕೆ ಸೂಕ್ಷ್ಮದರ್ಶಕವೊಂದೇ ಉತ್ತರ ಕೊಡಲಾರದು. ಪ್ರಾಣಿಯನ್ನು ದಿನವೂ ನೋಡುವವನ ಮಾತೂ ಬೇಕಾಗುತ್ತದೆ. ಆ ಮಾತು ಯಾವ ಭಾಷೆಯದು ಎಂಬಲ್ಲಿ ಈ ವಿಷಯ ನಮ್ಮಂಥವರ ಅಧ್ಯಯನದ ವ್ಯಾಪ್ತಿಗೆ ಬರುತ್ತದೆ.

ಮೊದಲು ನೆಲದ ವಿಚಾರ. ಕೃಷ್ಣೆಯು ರಾಯಚೂರು ಸೀಮೆಯನ್ನು ಒರಸಿಕೊಂಡು ಬಂದು ತಂಗಡಿಯ ಬಳಿ ತೆಲಂಗಾಣವನ್ನು ಹೊಗುತ್ತದೆ. ಅಲ್ಲಿಯೇ ಭೀಮೆ ಬಂದು ಕೂಡುತ್ತದೆ. ಮುಂದೆ ಒಂದು ದಂಡೆಗೆ ಮಕ್ತಲ್, ಇನ್ನೊಂದು ದಂಡೆಗೆ ರಾಯಚೂರು ಮತ್ತು ಗದ್ವಾಲ. ಕೃಷ್ಣಾ ತುಂಗಭದ್ರೆಗಳ ನಡುವಣ ಗದ್ವಾಲ, ಆಲಂಪುರಗಳ ಭೂಭಾಗಕ್ಕೆ ನಡಿಗಡ್ಡೆಯೆಂದು ಹೆಸರು. ಕುರುವಪುರದಂಥ ನಡುಗಡ್ಡೆಗಳಲ್ಲಿಯೂ, ಜುರಾಲ ಅಣೆಕಟ್ಟಿನ ಹಿನ್ನೀರಿನಲ್ಲಿಯೂ ಮೊಸಳೆಗಳಿವೆ. ಕನ್ನಡದ ಮೊಸಳೆಗೂ ತೆಲುಗಿನ ಮೊಸಲಿಗೂ ನಡುವೆ ಇರುವುದು ಒಂದಕ್ಷರದ ಅಂತರ. ಇಂಗ್ಲಿಷಿನವರು ಇದೇ ಪ್ರಾಣಿಯನ್ನು ‘ಮಗ್ಗರ್’ ಎಂದರು. ಅದು ಹಿಂದಿಯ ಮಗರ್, ಅದರ ಹಿಂದೆ ಸಂಸ್ಕೃತದ ಮಕರ. ನೆರೆ ಇಳಿದಾಗ ಮೊಸಳೆಗಳು ಕಾಲುವೆಗೂ ಗದ್ದೆಗೂ ಬಂದು ಸೇರುವುದು, ಅವುಗಳನ್ನು ಹಿಡಿದು ಕೆಲವು ಕಾಲ ಇಟ್ಟುಕೊಂಡು ಮತ್ತೆ ನೀರಿಗೆ ಬಿಡುವುದು ಈ ಭಾಗದವರಿಗೆ ಹೊಸತಲ್ಲ. ಆ ‘ಕೆಲವು ಕಾಲ’ ಎಂಬುದೇ ನಮ್ಮ ವಿಷಯದ ತಿರುಳು. ಸೆರೆ ಎಂದರೆ ಮೃಗಾಲಯದ ಕಂಬಿ ಮಾತ್ರವಲ್ಲ. ಹಾವಾಡಿಗನ ಬುಟ್ಟಿ, ಅರಣ್ಯ ಇಲಾಖೆಯ ತೊಟ್ಟಿ, ಕಳ್ಳಸಾಗಣೆಯ ಚೀಲ, ಇವೂ ಸೆರೆಯೇ.

ಆದಿಜೀವಿಗಳ ಪತ್ತೆಯ ಚರಿತ್ರೆಯಲ್ಲಿ ಹೈದರಾಬಾದು ರಾಜ್ಯಕ್ಕೆ ಒಂದು ದೊಡ್ಡ ಸ್ಥಾನವಿದೆ. ಆದರೆ ಅದು ವಿಚಿತ್ರವಾದ ಸ್ಥಾನ. 1897ರ ಆಗಸ್ಟ್ 20ರಂದು ಸಿಕಂದರಾಬಾದಿನಲ್ಲಿ ರೊನಾಲ್ಡ್ ರಾಸ್ ಸೊಳ್ಳೆಯೊಂದರ ಜಠರದ ಗೋಡೆಯಲ್ಲಿ ಕಪ್ಪು ವರ್ಣಕದ ಚುಕ್ಕೆಗಳಿದ್ದ ದುಂಡುಕಾಯಗಳನ್ನು ಕಂಡನು. ಹುಸೇನ್ ಖಾನ್ ಎಂಬ ಮಲೇರಿಯಾ ರೋಗಿಯ ರಕ್ತವನ್ನು ಕುಡಿದಿದ್ದ ಸೊಳ್ಳೆ ಅದು. ಅದೇ ವೇಳೆಗೆ ಹೈದರಾಬಾದಿನ ವೈದ್ಯಶಾಲೆಯ ಮುಖ್ಯಸ್ಥನಾಗಿದ್ದ, ಕ್ಲೋರೋಫಾರ್ಮ್ ಆಯೋಗಗಳಿಂದ ಹೆಸರಾಗಿದ್ದ ಎಡ್ವರ್ಡ್ ಲಾರಿ, ಲಾವೆರಾನ್ ವರ್ಣಿಸಿದ್ದ ಮಲೇರಿಯಾ ಜೀವಿ ಜೀವಿಯೇ ಅಲ್ಲ, ರಕ್ತಕಣದ ವಿಕಾರ ಎಂದು ವಾದಿಸುತ್ತಿದ್ದನು. ಒಂದೇ ನಗರದ ಎರಡು ಭಾಗಗಳಲ್ಲಿ ಒಬ್ಬನು ಜೀವಿಯನ್ನು ಕಾಣುತ್ತಿದ್ದ, ಇನ್ನೊಬ್ಬನು ಅದೇ ಕಾಯವನ್ನು ಕಂಡು ಇಲ್ಲವೆನ್ನುತ್ತಿದ್ದ. ಲಾರಿಯನ್ನು ಇಂದು ಹಾಸ್ಯ ಮಾಡುವುದು ಸುಲಭ. ಆದರೆ ಸೂಕ್ಷ್ಮದರ್ಶಕದ ಅಡಿಯಲ್ಲಿ ಕಾಣುವ ದುಂಡಗಿನ ವಸ್ತು ಪರಾವಲಂಬಿಯೋ, ಆತಿಥೇಯನದೇ ಜೀವಕೋಶವೋ, ತಿಂದ ಆಹಾರದ ಚೂರೋ ಎಂಬ ಸಂದೇಹ ಸಹಜವಾದದ್ದು, ಇಂದಿಗೂ ಬೇಕಾದದ್ದು. ಲಾರಿಯ ತಪ್ಪು ಸಂದೇಹದಲ್ಲಿರಲಿಲ್ಲ, ಅದನ್ನು ಪರೀಕ್ಷೆಗೆ ಒಡ್ಡದೆ ನಿಂತದ್ದರಲ್ಲಿತ್ತು.

ಮಲೇರಿಯಾ ಜೀವಿಯನ್ನು ಅರ್ಥಮಾಡಿಕೊಳ್ಳಲು ಆ ದಶಕದ ವಿಜ್ಞಾನಿಗಳಿಗೆ ಮಾದರಿಯಾಗಿ ಒದಗಿದ್ದು ಕರುಳಿನ ಕಾಕ್ಸಿಡಿಯಾ ಗುಂಪಿನ ಜೀವಿಗಳು. ಫ್ರೆಂಚ್ ವೈದ್ಯ ಪಾಲ್ ಲೂಯಿ ಸಿಮೊಂ 1897ರಲ್ಲಿ ಸಾಲಮ್ಯಾಂಡರಿನ ಕರುಳಿನ ಕಾಕ್ಸಿಡಿಯಾವನ್ನು ಪರಿಶೀಲಿಸಿ, ಅದರ ಕಶಾಂಗವುಳ್ಳ ರೂಪಗಳಿಗೆ ಗಂಡು ಲಿಂಗಾಣುವಿನ ಪಾತ್ರವಿರಬೇಕೆಂದು ಸೂಚಿಸಿದ್ದನು. ಮುಂದಿನ ವರ್ಷ ಅವನು ಕರಾಚಿಯಲ್ಲಿ ಪ್ಲೇಗನ್ನು ಹರಡುವುದು ಇಲಿಚಿಗಟವೆಂದು ತೋರಿಸಿದ. ಜಗತ್ತು ಅವನನ್ನು ನೆನೆಯುವುದು ಅದಕ್ಕಾಗಿ. ನಮಗೆ ಬೇಕಾದದ್ದು ಅವನ ಇನ್ನೊಂದು ಕೆಲಸ. 1901ರಲ್ಲಿ ಅವನು ಭಾರತದ ಘರಿಯಾಲ್ ಮೊಸಳೆಯಲ್ಲೊಂದು ಕಾಕ್ಸಿಡಿಯಾವನ್ನೂ, ಕೆರೆಗಳ ಮೆದುಚಿಪ್ಪಿನ ಆಮೆಯಲ್ಲಿ ಇನ್ನೊಂದನ್ನೂ ವರ್ಣಿಸಿದನು. ಇಂದು ಅವುಗಳಿಗೆ ಐಮೇರಿಯಾ ಕೆರ್ಮೊರ್ಗಾಂಟಿ ಮತ್ತು ಐಮೇರಿಯಾ ಲೆಜೆರಿ ಎಂದು ಹೆಸರು. ಘರಿಯಾಲ್ ಕೃಷ್ಣೆಯ ಪ್ರಾಣಿಯಲ್ಲ. ಆ ಆಮೆ ಮಾತ್ರ ದಖ್ಖನ್ನಿನ ಕೆರೆ ಕುಂಟೆಗಳಲ್ಲೆಲ್ಲ ಇರುವಂಥದು. ನಾರಾಯಣಪೇಟೆಯ ಕಡೆಯ ಯಾವ ಮೀನುಗಾರನಿಗೂ ಅದರ ಪರಿಚಯ ಮಾಡಿಕೊಡಬೇಕಾಗಿಲ್ಲ. ಭಾರತದ ಸರೀಸೃಪಗಳ ಕರುಳಿನ ಆದಿಜೀವಿಗಳ ದಾಖಲೆಯಲ್ಲಿ ಇವು ತೀರ ಹಳೆಯ ನಮೂದುಗಳ ಸಾಲಿಗೆ ಸೇರುತ್ತವೆ.

ಸಿಮೊಂ ಮತ್ತು ಅವನ ಕಾಲದವರು ಕೆಲಸ ಮಾಡುತ್ತಿದ್ದುದು ಪ್ರಾಣಿಯನ್ನು ಕೊಯ್ದು. ಕರುಳಿನ ಒಳಪದರದ ಜೀವಕೋಶದೊಳಗೆ ಪರಾವಲಂಬಿ ಕುಳಿತಿರುವುದು ಕಣ್ಣಿಗೇ ಕಾಣುತ್ತಿದ್ದುದರಿಂದ ಅದು ಯಾರದು ಎಂಬ ಪ್ರಶ್ನೆ ಏಳುತ್ತಿರಲಿಲ್ಲ. ಛೇದನಕ್ಕೆ ಆ ಒಂದು ಅನುಕೂಲವಿದೆ. ಪ್ರಾಣಿ ಮಾತ್ರ ಉಳಿಯುವುದಿಲ್ಲ. ಬದುಕಿರುವ ಪ್ರಾಣಿಯನ್ನು ಪರೀಕ್ಷಿಸಬೇಕಾದಾಗ ಕೈಗೆ ಸಿಗುವುದು ಮಲವೊಂದೇ. ಕರುಳಿನಲ್ಲಿ ನೆಲೆಸಿದ್ದದ್ದೂ, ತಿಂದ ಇಲಿಯ ಹೊಟ್ಟೆಯಿಂದ ಬಂದದ್ದೂ, ಕುಡಿದ ನೀರಿನದೂ, ನೆಲದ ಮೇಲೆ ಬಿದ್ದ ಮೇಲೆ ಸೇರಿಕೊಂಡದ್ದೂ ಅದರಲ್ಲಿ ಒಟ್ಟಾಗಿ ಇರುತ್ತವೆ. ಕತ್ತಿಯಿಂದ ಮಲಪರೀಕ್ಷೆಗೆ ಬಂದ ಈ ಸ್ಥಿತ್ಯಂತರವನ್ನು ಚರಿತ್ರೆಕಾರರು ತಂತ್ರದ ಸುಧಾರಣೆಯೆಂದು ಮಾತ್ರ ಎಣಿಸಿದ್ದಾರೆ. ನನ್ನ ದೃಷ್ಟಿಯಲ್ಲಿ ಅದು ಪ್ರಶ್ನೆಯನ್ನೇ ಬದಲಾಯಿಸಿತು.

ಈ ವಿದ್ಯೆ ಬೆಳೆಯುತ್ತಿದ್ದ ಕಾಲದಲ್ಲಿ ಅದನ್ನು ಕಲಿಯುವ ಭಾಷೆಯ ಸಂಗತಿಯೂ ನಿರ್ಧಾರವಾಗುತ್ತಿತ್ತು. 1917ರಲ್ಲಿ ಹೈದರಾಬಾದಿನಲ್ಲಿ ಅನುವಾದ ವಿಭಾಗ ಆರಂಭವಾಯಿತು. 1918ರಲ್ಲಿ ಉರ್ದು ಮಾಧ್ಯಮದ ಉಸ್ಮಾನಿಯಾ ವಿಶ್ವವಿದ್ಯಾಲಯ ಸ್ಥಾಪನೆಯಾಯಿತು. ಪಶ್ಚಿಮದ ವಿಜ್ಞಾನವನ್ನು ಭಾರತೀಯ ಭಾಷೆಯೊಂದರಲ್ಲಿ ವಿಶ್ವವಿದ್ಯಾಲಯದ ಮಟ್ಟದಲ್ಲಿ ಕಲಿಸುವ ಆ ಸಾಹಸ ಗೌರವಕ್ಕೆ ಅರ್ಹವಾದದ್ದೇ. ಅದೇ 1918ರಲ್ಲಿ ಬೆಂಗಳೂರಿನಲ್ಲಿ ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೂ ‘ವಿಜ್ಞಾನ’ ಎಂಬ ಕನ್ನಡ ಮಾಸಪತ್ರಿಕೆಯನ್ನು ಹೊರಡಿಸಿದರು. ಅದು ಹೆಚ್ಚು ಕಾಲ ಬಾಳಲಿಲ್ಲ. ಮಕ್ತಲ್ಲಿನ ಕನ್ನಡದ ಹುಡುಗನಿಗೆ ಇವೆರಡರಲ್ಲಿ ಯಾವುದೂ ಮನೆಯ ಮಾತಿನ ವಿಜ್ಞಾನವಾಗಲಿಲ್ಲ. ಮೈಸೂರಿನ ಪತ್ರಿಕೆ ಬೇರೊಂದು ರಾಜ್ಯದ್ದು, ಹೈದರಾಬಾದಿನ ಪಾಠ ಉರ್ದುವಿನದು. ಪೊಲೀಸ್ ಕಾರ್ಯಾಚರಣೆಯ ಬಳಿಕ ಉಸ್ಮಾನಿಯಾದ ಮಾಧ್ಯಮ ಇಂಗ್ಲಿಷಾಯಿತು. ಸಂಸ್ಥಾನವಾಗಿದ್ದ ಗದ್ವಾಲ ರಾಯಚೂರು ಜಿಲ್ಲೆಗೆ ಸೇರಿ, 1956ರ ನವೆಂಬರ್ 1ರಂದು ಆಲಂಪುರದೊಡನೆ ಆಂಧ್ರಪ್ರದೇಶದ ಮಹಬೂಬ್‌ನಗರ ಜಿಲ್ಲೆಗೆ ಹೋಯಿತು. ಒಬ್ಬನೇ ಮನುಷ್ಯನ ಆಯುಷ್ಯದಲ್ಲಿ ವಿಜ್ಞಾನದ ಭಾಷೆ ಉರ್ದುವಿನಿಂದ ಇಂಗ್ಲಿಷಿಗೂ, ಕಚೇರಿಯ ಭಾಷೆ ಉರ್ದುವಿನಿಂದ ತೆಲುಗಿಗೂ ತಿರುಗಿದವು. ಹೊಳೆಯ ದಂಡೆಯ ಕೆಲವು ಊರುಗಳಲ್ಲಿ ಮನೆಯ ಮಾತು ಕನ್ನಡವಾಗಿಯೇ ಉಳಿಯಿತು.

ಮಲಪರೀಕ್ಷೆಯ ತಂತ್ರಕ್ಕೆ ಬರೋಣ. ಮನುಷ್ಯರ ಮಲದಲ್ಲಿ ಅಮೀಬಾಗಳನ್ನು ಟಿಮೊಥಿ ಲೂಯಿಸ್ 1870ರಲ್ಲಿ ಕಲ್ಕತ್ತದಲ್ಲಿಯೇ ಕಂಡಿದ್ದನು. ರಕ್ತಭೇದಿಯೊಂದಿಗೆ ಅವುಗಳ ನಂಟು 1875ರಲ್ಲಿ ಲೋಷ್‌ನಿಂದ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ಹೊರಬಿತ್ತು. ಮೊದಲ ಮಹಾಯುದ್ಧದಲ್ಲಿ ಗಲ್ಲಿಪೊಲಿ, ಈಜಿಪ್ಟ್, ಮೆಸೊಪೊಟೇಮಿಯಾಗಳ ಸೈನಿಕರಲ್ಲಿ ಭೇದಿ ಹರಡಿದಾಗ ವೆನ್ಯನ್ ಮೊದಲಾದವರು ಸಾವಿರಾರು ಮಲದ ಮಾದರಿಗಳನ್ನು ನೋಡಬೇಕಾಯಿತು. ಸಿಸ್ಟ್, ಅಂದರೆ ಗಟ್ಟಿ ಹೊದಿಕೆಯ ವಿಶ್ರಾಂತರೂಪ, ಅದನ್ನು ಅಯೋಡಿನ್ನಿನಲ್ಲಿ ಬಣ್ಣಗೊಳಿಸಿ ನ್ಯೂಕ್ಲಿಯಸ್ಸುಗಳನ್ನು ಎಣಿಸುವ ಅಭ್ಯಾಸ ಆಗ ಗಟ್ಟಿಯಾಯಿತು. ವೆನ್ಯನ್ನನ 1926ರ ಎರಡು ಸಂಪುಟಗಳ ಗ್ರಂಥದಲ್ಲಿ ಮನುಷ್ಯನ ಜೊತೆಗೆ ಸರೀಸೃಪಗಳ ಆದಿಜೀವಿಗಳಿಗೂ ಎಡೆ ದೊರಕಿತು. ಭಾರತದ ಮಟ್ಟಿಗೆ ಬಿ. ಎಲ್. ಭಾಟಿಯಾ ಅವರು ಬ್ರಿಟಿಷ್ ಭಾರತದ ಪ್ರಾಣಿಸಂಪತ್ತಿನ ಮಾಲೆಯಲ್ಲಿ ಲೋಮಾಂಗಿಗಳ ಸಂಪುಟವನ್ನು 1936ರಲ್ಲಿಯೂ, ಕಾಕ್ಸಿಡಿಯಾ ಮುಂತಾದವುಗಳ ಸಂಪುಟವನ್ನು 1938ರಲ್ಲಿಯೂ ಹೊರತಂದರು.

ಆದರೆ ತಂತ್ರದ ದೃಷ್ಟಿಯಿಂದ ಭಾರತದೊಂದಿಗೆ ತಳಕು ಹಾಕಿಕೊಂಡಿರುವ ಹೆಸರು ಎ. ಎಲ್. ಶೀದರ್ ಎಂಬ ಪಶುವೈದ್ಯನದು. ಹಿಮಾಲಯದ ಮುಕ್ತೇಶ್ವರದ ಸಾಮ್ರಾಜ್ಯ ಬ್ಯಾಕ್ಟೀರಿಯಾಶಾಸ್ತ್ರ ಪ್ರಯೋಗಾಲಯದಲ್ಲಿ ಇವನು ಕೆಲಸ ಮಾಡಿದ್ದನು. ಎಮ್ಮೆಯ ರಕ್ತದಲ್ಲಿ ಮಲೇರಿಯಾದ ಬಗೆಯ ಜೀವಿಯನ್ನು 1919ರಲ್ಲಿ ವರ್ಣಿಸಿದವನೂ ಇವನೇ. 1923ರಲ್ಲಿ ಅವನು ಪ್ರಕಟಿಸಿದ ಲೇಖನದ ವಿಷಯ ಕರುಳಿನ ಆದಿಜೀವಿಗಳನ್ನು ತೇಲಿಸಿ ಪತ್ತೆಹಚ್ಚುವುದು. ಸಕ್ಕರೆಯ ದಟ್ಟ ಪಾಕದಲ್ಲಿ ಮಲವನ್ನು ಕದಡಿದರೆ ಭಾರವಾದ ಕಸ ತಳಕ್ಕಿಳಿಯುತ್ತದೆ, ಹಗುರವಾದ ಊಸಿಸ್ಟುಗಳು ಮೇಲಕ್ಕೇಳುತ್ತವೆ. ಮೇಲ್ಪದರವನ್ನು ಗಾಜಿನ ಹೊದಿಕೆಗೆ ಅಂಟಿಸಿ ನೋಡಬೇಕು. ಇಂದು ಬಳಸುವ ಪಾಕದಲ್ಲಿ ಸುಮಾರು 454 ಗ್ರಾಂ ಸಕ್ಕರೆಗೆ 355 ಮಿಲಿಲೀಟರ್ ನೀರು, ಬೂಷ್ಟು ಹಿಡಿಯದಂತೆ ಒಂದಿಷ್ಟು ಫೀನಾಲ್ ಅಥವಾ ಫಾರ್ಮಲಿನ್ ಇರುತ್ತದೆ. ಸಾಪೇಕ್ಷ ಸಾಂದ್ರತೆ 1.27ರ ಆಸುಪಾಸು. ಕಿರಾಣಿ ಅಂಗಡಿಯ ಸಕ್ಕರೆ ಸಾಕು. ನೂರು ವರ್ಷ ಕಳೆದರೂ ಇದು ಮೂಲೆಗೆ ಬೀಳದಿರುವುದಕ್ಕೆ ಕಾರಣ ಈ ಬಡತನವೇ ಇರಬೇಕು.

ಪಾಕಕ್ಕೂ ಒಂದು ಮಿತಿಯಿದೆ. ಕಾಕ್ಸಿಡಿಯಾದ ಊಸಿಸ್ಟ್ ಅದರಲ್ಲಿ ಚೆನ್ನಾಗಿ ತೇಲುತ್ತದೆ. ಹರಿದಾಡುವ ಅಮೀಬಾ, ಕಶಾಂಗದಿಂದ ಈಜುವ ಜೀವಿ, ಇವು ನೀರು ಕಳೆದುಕೊಂಡು ಸುಕ್ಕಿ ಗುರುತು ಸಿಗದಂತಾಗುತ್ತವೆ. ಅವುಗಳನ್ನು ಕಾಣಬೇಕಾದರೆ ಆಗತಾನೆ ಬಿದ್ದ ಮಲವನ್ನು ತಿಳಿಯಾದ ಲವಣದ್ರಾವಣದಲ್ಲಿ ಕದಡಿ ಹಸಿಯಾಗಿಯೇ ನೋಡಬೇಕು. ಗುರುತಾಗಿರುವುದು ಅವುಗಳ ಚಲನೆಯಿಂದ. ಚಲನೆ ನಿಂತರೆ ಅಮೀಬಾಕ್ಕೂ ಕರುಳಿನ ಸವೆದ ಜೀವಕೋಶಕ್ಕೂ ವ್ಯತ್ಯಾಸ ತಿಳಿಯುವುದು ನುರಿತವನಿಗೂ ಕಷ್ಟ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಗದ್ವಾಲದ ಬಿಸಿಲಿನಲ್ಲಿ ಬಂಡೆಯ ಮೇಲೆ ಬಿದ್ದ ಮಾದರಿ ಎಷ್ಟು ಹೊತ್ತು ‘ಹಸಿ’ಯಾಗಿ ಇದ್ದೀತೆಂಬುದನ್ನು ಊಹಿಸಬಹುದು. ಹೀಗಾಗಿ ‘ಮಲದಲ್ಲಿ ಏನೂ ಕಾಣಲಿಲ್ಲ’ ಎಂಬ ವರದಿಯ ಬೆಲೆ, ಯಾವ ವಿಧಾನದಿಂದ, ಎಷ್ಟು ಹೊತ್ತಿನ ಮಾದರಿಯನ್ನು ನೋಡಿದರು ಎಂಬುದರ ಮೇಲೆ ನಿಂತಿದೆ.

ಸೆರೆಯೇ ರೋಗವನ್ನು ಹುಟ್ಟಿಸಬಲ್ಲದೆಂಬುದು ಖಚಿತವಾದದ್ದು 1930ರ ದಶಕದಲ್ಲಿ. 1934ರಲ್ಲಿ ಬೆಲ್ಜಿಯಮ್ಮಿನ ಜೆರೋಮ್ ರೊಡೆಯ್ನ್ ಹಾವುಗಳಲ್ಲಿ ಕಂಡ ಅಮೀಬಾಕ್ಕೆ ಎಂಟಮೀಬಾ ಇನ್ವೇಡೆನ್ಸ್ ಎಂದು ಹೆಸರಿಟ್ಟನು. ಅದೇ ಹೊತ್ತಿಗೆ ಅಮೆರಿಕದಲ್ಲಿ ರ್‍ಯಾಟ್‌ಕ್ಲಿಫ್ ಮತ್ತು ಗೈಮನ್ ಸೆರೆಯ ಸರೀಸೃಪಗಳ ಸಾವಿನ ಹಿಂದೆ ಇದೇ ಬಗೆಯ ಅಮೀಬಾ ಇರುವುದನ್ನು ತೋರಿಸಿ, 1936ರಲ್ಲಿ ಅದರ ಜೀವನಚಕ್ರವನ್ನು ಪ್ರಕಟಿಸಿದರು. ಹಾವಿನ ದೊಡ್ಡ ಕರುಳು ಹುಣ್ಣಾಗಿ ದಪ್ಪಗಟ್ಟುತ್ತದೆ, ಯಕೃತ್ತು ಅಲ್ಲಲ್ಲಿ ಕೊಳೆಯುತ್ತದೆ, ಪ್ರಾಣಿ ಆಹಾರ ಬಿಟ್ಟು ಕೆಲವೇ ವಾರಗಳಲ್ಲಿ ಸಾಯುತ್ತದೆ. ಆದರೆ ಅದೇ ಅಮೀಬಾ ಸಸ್ಯಾಹಾರಿ ಆಮೆಗಳಲ್ಲಿಯೂ, ಮೊಸಳೆಗಳಲ್ಲಿಯೂ ಬಹುಮಟ್ಟಿಗೆ ಯಾವ ಕೇಡನ್ನೂ ಮಾಡದೆ ಇರಬಲ್ಲದು. ಬಯಲಿನಲ್ಲಿ ಹಾವಿಗೂ ಆಮೆಗೂ ಒಂದೇ ನೀರಿನ ಬೋಗುಣಿ ಇರುವುದಿಲ್ಲ. ಸೆರೆಯಲ್ಲಿ ಇರುತ್ತದೆ; ಇಲ್ಲವೆ ಒಂದೇ ಪೊರಕೆ, ಒಂದೇ ಕೈ. ಸಿಸ್ಟ್ ದಾಟುವುದಕ್ಕೆ ಅಷ್ಟು ಸಾಕು.

ಇಲ್ಲಿಯೂ ‘ಯಾರದು’ ಎಂಬ ತೊಡಕು ತಲೆಯೆತ್ತಿತು. ಎಂಟಮೀಬಾ ಇನ್ವೇಡೆನ್ಸ್‌ನ ಬಲಿತ ಸಿಸ್ಟಿನಲ್ಲಿ ನಾಲ್ಕು ನ್ಯೂಕ್ಲಿಯಸ್ಸುಗಳಿರುತ್ತವೆ. ಮನುಷ್ಯನ ರಕ್ತಭೇದಿಯ ಎಂಟಮೀಬಾ ಹಿಸ್ಟೊಲಿಟಿಕಾದಲ್ಲಿಯೂ ನಾಲ್ಕೇ. ಎರಡನ್ನೂ ಪಕ್ಕಪಕ್ಕದಲ್ಲಿಟ್ಟರೆ ಬರಿಗಣ್ಣಿನ ಹೋಲಿಕೆಯಿಂದ ತೀರ್ಪು ಕೊಡಲಾಗದು. ಪ್ರಯೋಗಾಲಯದಲ್ಲಿ ಅವುಗಳನ್ನು ಬೇರ್ಪಡಿಸಿದ್ದು ಉಷ್ಣತೆ: ಸರೀಸೃಪದ ಅಮೀಬಾ 25 ಡಿಗ್ರಿಯ ಸುತ್ತಮುತ್ತ ಹುಲುಸಾಗಿ ಬೆಳೆಯುತ್ತದೆ, ಮನುಷ್ಯನದು 37 ಡಿಗ್ರಿಯನ್ನು ಬಯಸುತ್ತದೆ. ಹೀಗೆ ಬೇರೆಬೇರೆಯಾದ ಎರಡು ಜೀವಿಗಳನ್ನು ಚರಿತ್ರೆ ಮತ್ತೆ ಹತ್ತಿರ ತಂದಿತು. ಮನುಷ್ಯನ ಅಮೀಬಾ ಪ್ರಯೋಗಾಲಯದ ಕೃಷಿಯಲ್ಲಿ ಸುಲಭವಾಗಿ ಸಿಸ್ಟ್ ಕಟ್ಟುವುದಿಲ್ಲ, ಹಾವಿನದು ಕಟ್ಟುತ್ತದೆ. ಆದ್ದರಿಂದ ರಕ್ತಭೇದಿಯ ಅಮೀಬಾ ತನ್ನ ಹೊದಿಕೆಯನ್ನು ಹೇಗೆ ಕಟ್ಟಿಕೊಳ್ಳುತ್ತದೆಂದು ಅರಿಯಲು ಭಾರತವೂ ಸೇರಿದಂತೆ ಹಲವು ದೇಶಗಳ ಪ್ರಯೋಗಾಲಯಗಳು ಇಂದು ಹಾವಿನ ಅಮೀಬಾವನ್ನೇ ಸಾಕುತ್ತವೆ.

ಸ್ವಾತಂತ್ರ್ಯಾನಂತರ ನಮ್ಮ ಸೀಮೆಗೆ ತಟ್ಟಿದ ಬೆಳವಣಿಗೆಗಳು ಹೈದರಾಬಾದಿನಲ್ಲಿ ನಡೆದವು. ನೆಹರು ಪ್ರಾಣಿಸಂಗ್ರಹಾಲಯ 1963ರಲ್ಲಿ ತೆರೆಯಿತು. ಕರ್ನಾಟಕದ ಕಡೆ ಮೈಸೂರಿನ ಮೃಗಾಲಯಕ್ಕೆ 1892ರಷ್ಟು ಹಳೆಯ ಪರಂಪರೆಯಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಮೊಸಳೆಗೆ ರಕ್ಷಣೆ ಕೊಟ್ಟಿತು. 1975ರಲ್ಲಿ ಅಂತರರಾಷ್ಟ್ರೀಯ ನೆರವಿನಿಂದ ಮೊಸಳೆ ಸಂರಕ್ಷಣಾ ಯೋಜನೆ ಆರಂಭವಾಗಿ, ಮುಂದೆ ಹೈದರಾಬಾದಿನಲ್ಲಿಯೇ ಕೇಂದ್ರ ಮೊಸಳೆ ತಳಿ ಮತ್ತು ನಿರ್ವಹಣಾ ತರಬೇತಿ ಸಂಸ್ಥೆ ನೆಲೆಗೊಂಡಿತು. ಅದರ ಸಲಹೆಗಾರನಾಗಿದ್ದವನು ಎಚ್. ಆರ್. ಬಸ್ಟರ್ಡ್. ಹೊಳೆಯ ದಂಡೆಯಿಂದ ಮೊಟ್ಟೆಗಳನ್ನು ತಂದು, ಮರಿ ಮಾಡಿಸಿ, ಒಂದು ಮೀಟರಿಗಿಂತ ಉದ್ದವಾಗುವವರೆಗೆ ತೊಟ್ಟಿಗಳಲ್ಲಿ ಬೆಳೆಸಿ ಹೊಳೆಗೆ ಬಿಡುವುದು ಅಂದಿನ ಪದ್ಧತಿ. ಬೀದರಿನ ಕಡೆಯಿಂದ ಹರಿದುಬರುವ ಮಾಂಜ್ರಾ ನದಿಯ ಅಭಯಾರಣ್ಯ ಹೀಗೆ ಮೊಸಳೆಗಳಿಗೆ ಹೆಸರಾಯಿತು. ಸಂರಕ್ಷಣೆಯ ಈ ಬಗೆ ಯಶಸ್ವಿಯಾದದ್ದೆಂದು ಎಲ್ಲರೂ ಒಪ್ಪುತ್ತಾರೆ, ನಾನೂ ಒಪ್ಪುತ್ತೇನೆ. ಆದರೆ ಪರಾವಲಂಬಿಯ ದೃಷ್ಟಿಯಿಂದ ನೋಡಿದರೆ ಸೆರೆಯಿಂದ ಹೊಳೆಗೆ ಹೋಗುವುದು ಪ್ರಾಣಿಯೊಂದೇ ಅಲ್ಲ. ತೊಟ್ಟಿಯಲ್ಲಿ ಹತ್ತಿಸಿಕೊಂಡದ್ದೂ ಅದರ ಜೊತೆಗೆ ಹೋಗುತ್ತದೆ. ಬಿಡುಗಡೆಗೆ ಮುನ್ನಿನ ಮಲಪರೀಕ್ಷೆಯ ಪ್ರಶ್ನೆ ಇಲ್ಲಿಂದ ಹುಟ್ಟುತ್ತದೆ.

ಬಿಡುವ ಮುನ್ನ ಪರೀಕ್ಷಿಸಿ ‘ಇದೆ’ ಎಂದು ಕಂಡರೆ? ಹಾವಿನ ಮಲದಲ್ಲಿ ಐಮೇರಿಯಾದ ಊಸಿಸ್ಟುಗಳು ಸಿಕ್ಕವೆಂದು ಇಟ್ಟುಕೊಳ್ಳೋಣ. ಐಮೇರಿಯಾ ಹಾವಿಗೂ ಇದೆ, ಇಲಿಗೂ ಇದೆ. ಇಲಿಯನ್ನು ನುಂಗಿದ ಹಾವಿನ ಕರುಳಿನಲ್ಲಿ ಇಲಿಯ ಊಸಿಸ್ಟುಗಳು ಕರಗದೆ, ಯಾರಿಗೂ ತೊಂದರೆ ಕೊಡದೆ, ದಾರಿಹೋಕರಂತೆ ಹಾದು ಹೊರಬರುತ್ತವೆ. ಮಲವನ್ನು ಪೊಟ್ಯಾಸಿಯಂ ಡೈಕ್ರೋಮೇಟಿನ ತಿಳಿದ್ರಾವಣದಲ್ಲಿ ಕೆಲವು ದಿನ ಇಟ್ಟು ಊಸಿಸ್ಟನ್ನು ಮಾಗಿಸಿದರೆ ಒಳಗಿನ ರಚನೆ ತಿಳಿಯುತ್ತದೆ: ನಾಲ್ಕು ಸಂಪುಟಗಳಲ್ಲಿ ಎರಡೆರಡು ಬೀಜಾಣುಗಳಿದ್ದರೆ ಐಮೇರಿಯಾ, ಎರಡರಲ್ಲಿ ನಾಲ್ಕುನಾಲ್ಕಿದ್ದರೆ ಐಸೊಸ್ಪೊರಾ, ಒಂದೇ ಸಂಪುಟದಲ್ಲಿ ಎಂಟಿದ್ದರೆ ಕೆರಿಯೊಸ್ಪೊರಾ. ಕೊನೆಯದು ಹಾವಿನದೆಂದು ಬಹುಮಟ್ಟಿಗೆ ಹೇಳಬಹುದು. ಮೊದಲನೆಯದರ ಬಗ್ಗೆ ತೀರ್ಪು ಕೊಡಬೇಕಾದರೆ ಹಾವು ಏನು ತಿಂದಿತ್ತು, ಯಾವಾಗ ತಿಂದಿತ್ತು ಎಂಬುದು ಗೊತ್ತಿರಬೇಕು. ಒಂದೆರಡು ಬಾರಿ ಬೇರೆ ಆಹಾರ ಕೊಟ್ಟು ಮತ್ತೆ ನೋಡಿದಾಗಲೂ ಅವು ಬರುತ್ತಿದ್ದರೆ ಹಾವಿನವೇ; ನಿಂತುಹೋದರೆ ಇಲಿಯವು. ಇನ್ನೂ ಕುತೂಹಲದ್ದು ಸಾರ್ಕೊಸಿಸ್ಟಿಸ್: ಅದು ಹಾವಿಗೆ ಬರುವುದು ಇಲಿಯ ಮಾಂಸಖಂಡದಿಂದ, ಆದರೆ ಹಾವಿನ ಕರುಳಿನಲ್ಲಿಯೇ ಅದರ ಲಿಂಗಚಕ್ರ ಪೂರ್ಣಗೊಳ್ಳುತ್ತದೆ. ಅದು ಹಾವಿನದೋ ಇಲಿಯದೋ ಎಂದು ಕೇಳಿದರೆ ಇಬ್ಬರದೂ ಎನ್ನಬೇಕಾಗುತ್ತದೆ.

ಈ ತೊಡಕು ಪೂರ್ತಿ ಬಿಗಿಯಾದದ್ದು ಕ್ರಿಪ್ಟೊಸ್ಪೊರಿಡಿಯಮ್ಮಿನಲ್ಲಿ. ಟಿಜ್ಜರ್ 1907ರಲ್ಲಿ ಇದನ್ನು ಇಲಿಯ ಜಠರದಲ್ಲಿ ಕಂಡಿದ್ದನು. ದಶಕಗಳ ಕಾಲ ಅದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. 1977ರಲ್ಲಿ ಬ್ರೌನ್‌ಸ್ಟೀನ್ ಮತ್ತು ಸಂಗಡಿಗರು ಅಮೆರಿಕದ ಸೆರೆಯ ಹಾವುಗಳಲ್ಲಿ ತಿಂದದ್ದನ್ನು ಕಾರಿಕೊಳ್ಳುವ, ಜಠರದ ಗೋಡೆ ದಪ್ಪವಾಗಿ ನಡುಮೈ ಊದುವ ರೋಗದೊಡನೆ ಅದರ ನಂಟನ್ನು ತೋರಿಸಿದರು. 1980ರಲ್ಲಿ ಲೆವೀನ್ ಅದಕ್ಕೆ ಕ್ರಿಪ್ಟೊಸ್ಪೊರಿಡಿಯಮ್ ಸರ್ಪೆಂಟಿಸ್ ಎಂದು ಹೆಸರಿಟ್ಟನು. ಇದರ ಊಸಿಸ್ಟ್ ಸುಮಾರು 6 ಮೈಕ್ರೋಮೀಟರ್ ಮಾತ್ರ, ಕೆಂಪು ರಕ್ತಕಣಕ್ಕಿಂತಲೂ ಚಿಕ್ಕದು; ಸಾಮಾನ್ಯ ನೋಟಕ್ಕೆ ಯೀಸ್ಟಿನಂತೆ ತೋರಿ ಮೋಸಮಾಡುತ್ತದೆ. 1981ರಲ್ಲಿ ಡೆನ್ಮಾರ್ಕಿನ ಹೆನ್ರಿಕ್ಸನ್ ಮತ್ತು ಪೊಲೆನ್ಝ್ ಇದಕ್ಕೆ ಜೀಲ್ ನೀಲ್ಸನ್ ಬಣ್ಣವನ್ನು ಅಳವಡಿಸಿದರು. ಅದು 1880ರ ದಶಕದಲ್ಲಿ ಕ್ಷಯದ ಬ್ಯಾಸಿಲಸ್ಸಿಗಾಗಿ ಹುಟ್ಟಿದ ಬಣ್ಣ; ಕ್ಷಯ ರೋಗಿಯ ಕಫ ಪರೀಕ್ಷಿಸುವ ಸಣ್ಣ ಊರಿನ ಆಸ್ಪತ್ರೆಗೂ ಗೊತ್ತಿರುವ ಕೆಂಪು. ನೀಲಿ ಅಥವಾ ಹಸಿರು ಹಿನ್ನೆಲೆಯ ಮೇಲೆ ಊಸಿಸ್ಟ್ ಕೆಂಪಗೆ ಎದ್ದು ಕಾಣುತ್ತದೆ. ಆದರೆ ಆ ಕೆಂಪು ಚುಕ್ಕೆ ಹಾವಿನ ಸರ್ಪೆಂಟಿಸೋ, ತಿಂದ ಇಲಿಯ ಮ್ಯೂರಿಸೋ ಎಂಬುದನ್ನು ಬಣ್ಣ ಹೇಳುವುದಿಲ್ಲ. ಮೊದಲನೆಯದಾದರೆ ಪ್ರಾಣಿಯನ್ನು ಬೇರೆಯಿಡಬೇಕು, ಎಷ್ಟೋ ಕಡೆ ಕೊಲ್ಲುವುದನ್ನೂ ಸಲಹೆ ಮಾಡುತ್ತಾರೆ, ಏಕೆಂದರೆ ಖಚಿತವಾದ ಔಷಧಿಯಿಲ್ಲ. ಎರಡನೆಯದಾದರೆ ಏನೂ ಮಾಡಬೇಕಾಗಿಲ್ಲ. ಒಂದು ಚುಕ್ಕೆಯ ಒಡೆತನದ ಮೇಲೆ ಪ್ರಾಣಿಯೊಂದರ ಜೀವ ನಿಂತಿದೆ.

ಹಾವಾಡಿಗರ ಬುಟ್ಟಿಯ ನಾಗರಹಾವಿನಲ್ಲಿ ತೊಂದರೆ ಬೇರೆ ಬಗೆಯದು. ನಾಗರಪಂಚಮಿಯ ಸುತ್ತಿನಲ್ಲಿ ಹಲ್ಲು ಕಿತ್ತು, ಕೆಲವೊಮ್ಮೆ ಬಾಯಿ ಹೊಲಿದು, ಹಸಿವಿನಲ್ಲಿಡುವ ಹಾವುಗಳನ್ನು ರಕ್ಷಿಸಿ ತಂದಾಗ ಅವು ಮಲವನ್ನೇ ಹಾಕುವುದಿಲ್ಲ, ತಿಂದರಲ್ಲವೇ ಹಾಕುವುದು. ಆಗ ಮೆದುವಾದ ನಳಿಕೆಯಿಂದ ಗುದದ್ವಾರಕ್ಕೆ ಲವಣದ್ರಾವಣ ಹಾಯಿಸಿ ಹಿಂದಕ್ಕೆಳೆದು ನೋಡಬೇಕು, ಕ್ರಿಪ್ಟೊಸ್ಪೊರಿಡಿಯಮ್ಮಿನ ಶಂಕೆಯಿದ್ದರೆ ಜಠರವನ್ನು ತೊಳೆದು ನೋಡಬೇಕು. ಒಣನೆಲದ ನಕ್ಷತ್ರ ಆಮೆಯದು ಮತ್ತೊಂದು ಬಗೆ. 2019ರಲ್ಲಿ ಅಂತರರಾಷ್ಟ್ರೀಯ ವ್ಯಾಪಾರದ ಒಪ್ಪಂದ ಅದಕ್ಕೆ ಅತ್ಯುಚ್ಚ ರಕ್ಷಣೆ ಕೊಟ್ಟಿತಾದರೂ ವಿಮಾನನಿಲ್ದಾಣಗಳಲ್ಲಿ ಚೀಲಗಟ್ಟಲೆ ಸಿಕ್ಕಿಬೀಳುವುದು ನಿಂತಿಲ್ಲ. ಸಸ್ಯಾಹಾರಿ ಆಮೆಯ ಮಲದಲ್ಲಿ ನಿಕ್ಟೊಥೀರಸ್‌ನಂಥ ದೊಡ್ಡ ಲೋಮಾಂಗಿಗಳು ಗಿಜಿಗುಟ್ಟುತ್ತಿರುತ್ತವೆ. ಹೊಸ ಪರೀಕ್ಷಕ ಅವುಗಳನ್ನು ಕಂಡು ಬೆಚ್ಚುತ್ತಾನೆ. ಅವು ಅಲ್ಲಿಯ ಹಳೆಯ ನಿವಾಸಿಗಳು, ಅವುಗಳಿಗೆ ಔಷಧಿ ಕೊಡುವುದರಿಂದ ಒಳಿತಿಗಿಂತ ಕೆಡುಕೇ ಆದೀತು. ಆದರೆ ಹತ್ತು ಊರುಗಳ ಆಮೆಗಳನ್ನು ಒಂದೇ ಚೀಲಕ್ಕೆ ತುಂಬಿದ ಮೇಲೆ ಯಾವ ಜೀವಿ ಯಾವ ಊರಿನದೆಂದು ಹೇಳುವುದು ಯಾರಿಂದಲೂ ಆಗದು.

ವಂಶವಾಹಿಯ ಪರೀಕ್ಷೆ ಈ ಪ್ರಶ್ನೆಯ ಒಂದು ಭಾಗವನ್ನು ಬಗೆಹರಿಸಿದೆ. ಕ್ರಿಪ್ಟೊಸ್ಪೊರಿಡಿಯಮ್ಮಿನ ಜೀನಿನ ತುಣುಕೊಂದನ್ನು ಓದಿದರೆ ಸರ್ಪೆಂಟಿಸ್ ಮತ್ತು ಮ್ಯೂರಿಸ್ ಬೇರೆಬೇರೆಯಾಗಿ ನಿಲ್ಲುತ್ತವೆ. ಇಲ್ಲಿಯೂ ಹೈದರಾಬಾದಿನ ನೆನಪು ಬರುತ್ತದೆ: ಕಟ್ಟುಹಾವಿನ ಲಿಂಗವರ್ಣತಂತುವಿನ ಮೇಲೆ ಲಾಲ್‌ಜಿ ಸಿಂಗ್ ಅವರು ನಡೆಸಿದ ಅಧ್ಯಯನವೇ ಮುಂದೆ ಭಾರತದ ಡಿಎನ್‌ಎ ಬೆರಳಚ್ಚಿನ ತಂತ್ರಕ್ಕೆ ದಾರಿಯಾಯಿತು, ಅವರ ಮುಂದಾಳುತನದಲ್ಲಿ ಕಟ್ಟಿದ ಅಳಿವಿನಂಚಿನ ಜೀವಿಗಳ ಪ್ರಯೋಗಾಲಯ ಯಾವುದೇ ಜೈವಿಕ ಮಾದರಿ ಯಾವ ಪ್ರಾಣಿಯದೆಂದು ಹೇಳುವ ವಿಧಾನವನ್ನು ರೂಪಿಸಿತು. ಆದರೂ ಮಾದರಿ ಅಲ್ಲಿಗೆ ತಲುಪಬೇಕಲ್ಲ. ಮಕ್ತಲ್, ಗದ್ವಾಲಗಳಿಂದ ಹೈದರಾಬಾದು ನೂರೈವತ್ತು ಕಿಲೋಮೀಟರಿಗೂ ದೂರ. ರಾಯಚೂರು ಅದಕ್ಕಿಂತ ಬಹಳ ಹತ್ತಿರ, ಆದರೆ ಬೇರೆ ರಾಜ್ಯ. ಕರ್ನಾಟಕದ ಪಶುವೈದ್ಯ ವಿಶ್ವವಿದ್ಯಾಲಯವಿರುವುದು ಬೀದರಿನಲ್ಲಿ. ಅದೂ ಒಂದು ಕಾಲಕ್ಕೆ ಇದೇ ಹೈದರಾಬಾದು ರಾಜ್ಯದ ಊರು. ಮೊಸಳೆ ಈ ಗಡಿಯನ್ನು ದಿನಕ್ಕೆ ಎರಡು ಬಾರಿ ದಾಟಬಹುದು, ಅದರ ಮಲದ ಸೀಸೆ ದಾಟಬೇಕಾದರೆ ಕಾಗದಪತ್ರ ಬೇಕು.

ಕಾಗದಪತ್ರದ ಮಾತು ಬಂದಿತಾದ್ದರಿಂದ ಅದರ ಭಾಷೆಯನ್ನೂ ನೋಡಬೇಕು. ಮಾದರಿಯೊಡನೆ ಹೋಗಬೇಕಾದ ಪೂರ್ವವೃತ್ತ, ಅಂದರೆ ಮಲ ಬಿದ್ದು ಎಷ್ಟು ಹೊತ್ತಾಯಿತು, ಪ್ರಾಣಿ ಕೊನೆಗೆ ಏನು ತಿಂದಿತು, ಯಾವುದರ ಜೊತೆಗೆ ಇತ್ತು, ನೀರು ಎಲ್ಲಿಯದು, ಇವು ಗೊತ್ತಿರುವುದು ತೊಟ್ಟಿ ತೊಳೆಯುವವನಿಗೆ, ಬಲೆ ಎಳೆದ ಮೀನುಗಾರನಿಗೆ. ಕೃಷ್ಣೆಯ ಈ ದಂಡೆಯಲ್ಲಿ ಅವನು ಅದನ್ನು ಕನ್ನಡದಲ್ಲಿ ಹೇಳಬಹುದು, ತೆಲುಗಿನಲ್ಲಿ ಹೇಳಬಹುದು, ಎರಡನ್ನೂ ಬೆರೆಸಿ ಹೇಳುವುದೇ ಹೆಚ್ಚು. ಬರೆದುಕೊಳ್ಳುವವನ ನಮೂನೆ ತೆಲುಗಿನದು ಇಲ್ಲವೆ ಇಂಗ್ಲಿಷಿನದು. ಪಾರಿಭಾಷಿಕ ಪದಗಳ ಮಟ್ಟದಲ್ಲಿ ಇಲ್ಲೊಂದು ಬಲೆಯಿದೆ. ಇಬ್ಭಾಷಿಕರು ಅದನ್ನು ಬಲ್ಲರು. ತೆಲುಗಿನ ಪಠ್ಯಗಳಲ್ಲಿ ‘ಕಣ’ ಎಂದರೆ ಜೀವಕೋಶ. ‘ಏಕಕಣಜೀವಿ’ ಎಂದರೆ ನಮ್ಮ ಏಕಕೋಶಜೀವಿ. ಕನ್ನಡದಲ್ಲಿ ಕಣವೆಂದರೆ ಚೂರು, ಧೂಳಿನ ಕಣ, ಹೆಚ್ಚೆಂದರೆ ರಕ್ತಕಣ. ‘ಮಲದಲ್ಲಿ ಕಣಗಳು ಕಂಡವು’ ಎಂಬ ವಾಕ್ಯವನ್ನು ತೆಲುಗು ಮಾಧ್ಯಮದಲ್ಲಿ ಓದಿದವನು ಜೀವಕೋಶಗಳೆಂದು ತಿಳಿಯುತ್ತಾನೆ, ಕನ್ನಡ ಶಾಲೆಯಲ್ಲಿ ಓದಿದವನು ಆಹಾರದ ಚೂರೆಂದು ತಿಳಿಯುತ್ತಾನೆ. ಲಾರಿ ಮತ್ತು ರಾಸ್ ಯಾವ ಪ್ರಶ್ನೆಯ ಮೇಲೆ ಬೇರೆಯಾದರೋ, ಅದೇ ಪ್ರಶ್ನೆ ಇಲ್ಲಿ ಒಂದು ಶಬ್ದದೊಳಗೆ ಅಡಗಿ ಕುಳಿತಿದೆ.

ಶಿವರಾಮ ಕಾರಂತರ ‘ವಿಜ್ಞಾನ ಪ್ರಪಂಚ’ದ ಕಾಲದಿಂದ ಕನ್ನಡದಲ್ಲಿ ಜೀವಶಾಸ್ತ್ರದ ಪದಗಳಿಗೆ ಬರವೇನಿಲ್ಲ. ಗಡಿಯ ಈಚೆ ಬೇಕಾದದ್ದು ಇನ್ನೊಂದು ಪದಕೋಶವೂ ಅಲ್ಲ. ಒಂದೇ ಹಾಳೆಯಲ್ಲಿ ಕನ್ನಡ ಮತ್ತು ತೆಲುಗು ಲಿಪಿಗಳೆರಡರಲ್ಲಿಯೂ ಮುದ್ರಿಸಿದ, ಕಣ ಎಂಬ ಶಬ್ದವನ್ನು ಬಿಟ್ಟ, ಐದಾರು ಪ್ರಶ್ನೆಗಳ ಒಂದು ನಮೂನೆ: ಯಾವಾಗ ಬಿತ್ತು, ಎಲ್ಲಿ ಬಿತ್ತು, ಹಸಿಯಾಗಿತ್ತೇ ಒಣಗಿತ್ತೇ, ಏನು ತಿಂದಿತ್ತು, ಪಕ್ಕದಲ್ಲಿ ಯಾವ ಪ್ರಾಣಿಯಿತ್ತು, ಹೇಳಿದವರು ಯಾರು. ಮೊಸಳೆಯನ್ನು ಹೊಳೆಗೆ ಬಿಡುವ ಮುನ್ನಿನ ದಿನ ಅದನ್ನು ತುಂಬುವುದಕ್ಕೆ ಹತ್ತು ನಿಮಿಷ ಹಿಡಿಯುತ್ತದೆ.